ನಮ್ಮ ಮನೆಯ ಲಿಂಕ್ ಕೆನಾಲ್

ಹೇಮಾವತಿ ನದಿಯ ನೀರಿಗೆ ಲಿಂಕ್ ಕೆನಾಲ್ ಬೇಕೇ ಬೇಕು ಎಂದು ಕುಣಿಗಲ್ಲಿನವರು, ಬೇಡವೇ ಬೇಡ ಎಂದು ಗುಬ್ಬಿಯವರು ಕಿತ್ತಾಡುತ್ತಿರುವಾಗ, ತುಮಕೂರಿನ ಸದಾಶಿವನಗರದಲ್ಲಿ ನಾನೊಬ್ಬನೇ ಸರ್ಕಾರದ ಬಿಡಿಗಾಸಿಲ್ಲದೆ ಲಿಂಕ್ ಕೆನಾಲ್ ಮುಗಿಸಿದ್ದೇನೆ. ಅದು ಮೇಲಿನ ಮನೆಯ ಬಚ್ಚಲಲ್ಲಿ ಹುಟ್ಟಿ, ಕೆಳಗಿನ ಮನೆಯ ಮೇಷ್ಟ್ರ ಮಂಚದ ಮೇಲೆ ಕೊನೆಗೊಳ್ಳುತ್ತದೆ.

ಕೊಂಡಿದ್ದು ಹಳೇ ಮನೆ. ನಾವಿರೋಕಲ್ಲ, ಬಾಡಿಗೆಗೆ, ಅಂದರೆ ಇನ್‌ವೆಸ್ಟ್‌ಮೆಂಟು. ಮನೆ ನೋಡಲು ಬಂದವರು ಹತ್ತು ನಿಮಿಷ ಇರುತ್ತಾರೆ. ಆ ಹತ್ತು ನಿಮಿಷ ಕಣ್ಣಿಗೆ ಬೀಳುವುದೆಲ್ಲ ಹೊಸದಾಗಿದ್ದರೆ ಆಯಿತು, ಅದೇ ರಿನೋವೇಷನ್. ಗೋಡೆಗೆ ಪುಟ್ಟಿ, ಬಚ್ಚಲಿಗೆ ಸೂರಿನವರೆಗೆ ಟೈಲ್ಸು, ಹಾಲಿನಲ್ಲಿ ನೀಲಿ ಲೈಟು.

ಗುಬ್ಬಿ ಕಡೆಯ ಪ್ಲಂಬರ್ ಒಬ್ಬ ಬಂದ. ಗೋಡೆ ಕೊರೆದು, ಒಳಗಿನ ಜಿಐ ಪೈಪಿಗೆ ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ತಟ್ಟಿದ. ರಾಗಿಹಿಟ್ಟಿನಂತೆ ಒಂದು ಹಿಡಿ ತುಕ್ಕು ಉದುರಿತು.

“ಸಾ, ಪೈಪ್ ಸತ್ತು ಎಷ್ಟೋ ವರ್ಷಾಗೈತೆ. ತುಕ್ಕೇ ನೀರ್ ಹಿಡ್ಕಂಡೈತೆ. ಪೂರ್ತಿ ಸಿಪಿವಿಸಿ ಹಾಕನ. ಟೈಲ್ಸ್ ಕೂರ್ಸೋಕ್ ಮುಂಚೆ ಪ್ರೆಶರ್ ಪಂಪ್ ಕಟ್ಟಿ ಒಂದ್ ರಾತ್ರಿ ಬಿಡನ. ಬೆಳಗ್ಗೆ ಮುಳ್ಳು ಇಳೀದಿದ್ರೆ ನೀವು ಬಚಾವು.”

“ಗೋಡೆ ಒಳಗಿನ ಪೈಪನ್ನ ಬಾಡಿಗೆಯವರು ನೋಡ್ತಾರೇನಯ್ಯ?”

“ಅವ್ರು ನೋಡಲ್ಲ ಸಾ. ಪೈಪೇ ಅವ್ರನ್ನ ನೋಡ್ಕತೈತೆ.”

ಹಳೇ ಪೈಪಿನ ಮೇಲೇ ಟೈಲ್ಸು ಕೂತಿತು. ಉಳಿಸಿದ ಕಾಸಿನಲ್ಲಿ ರೈನ್ ಶವರ್ ಬಂತು. ಮೇಲಿನ ಮನೆಯವರಿಗೆ ಹಾಕಿಸಿದ ಮಳೆ ಕೆಳಗಿನ ಮನೆಗೂ ಆಯಿತು.

“ಸಾರ್, ಸೂರು ಬೆವರ್ತಾ ಇದೆ” ಎಂದು ಮೇಷ್ಟ್ರು ಫೋನು ಮಾಡಿದರು. ಸಿದ್ಧಗಂಗೆ ಬೆಟ್ಟದಲ್ಲಿ ಬಂಡೆಯಿಂದ ಗಂಗೆ ಉಕ್ಕಿದಳೆಂದು ಕೈಮುಗಿಯುವ ಊರು ನಮ್ಮದು. ನನ್ನ ಗೋಡೆಯಿಂದ ಉಕ್ಕಿದರೆ ಮಾತ್ರ ಕಂಪ್ಲೇಂಟು! ಗೊರೂರು ಅಣೆಕಟ್ಟೆಯಿಂದ ನಾಲೆ ಹಿಡಿದು, ಬುಗುಡನಹಳ್ಳಿ ಕೆರೆ ಸೇರಿ, ಶುದ್ಧವಾಗಿ ನಮ್ಮ ಟ್ಯಾಂಕಿಗೆ ಹತ್ತಿದ ಹೇಮಾವತಿ ಇನ್ನೊಂದು ಮಹಡಿ ಇಳಿದರೆ ಏನಂತೆ?

ಮೇಷ್ಟ್ರು ಲೆಕ್ಕದವರು. ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ, ಹೆಚ್ಚುಕಡಿಮೆ 20 ಲೀಟರ್ ಎಂದರು. ಅಳತೆಗೆ ಸಾಕ್ಷಿಯಾಗಿ ಮಂಚದ ಮೇಲೆ ಬಕೆಟ್ ಇತ್ತು. ಅವರು ಚಾಪೆಯ ಮೇಲಿದ್ದರು. ನಾನು ಕಾನೂನು ತೆಗೆದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ರಿಪೇರಿಗಳ ಪಾಲುಪಟ್ಟಿಯೇ ಇದೆ: ಪೈಪ್ ಬದಲಿಸುವುದು ಮಾಲೀಕನ ಪಾಲು, ನಲ್ಲಿಯ ವಾಷರ್ ಬದಲಿಸುವುದು ಬಾಡಿಗೆದಾರನ ಪಾಲು. ಆದ್ದರಿಂದ ಎಲ್ಲಿ ನೀರು ಸೋರಿದರೂ ನನ್ನ ತೀರ್ಪು ಒಂದೇ: “ವಾಷರ್ ಹೋಗಿರಬೇಕು, ನೋಡಿ ಮೇಷ್ಟ್ರೇ.” ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಪಡೆಯಬಾರದೆಂದೂ ಅದರಲ್ಲಿದೆಯಂತೆ. ಹತ್ತು ತಿಂಗಳದ್ದು ಇಸಿದುಕೊಂಡಿರುವ ನನಗೆ ಆ ಪುಟ ಓದಲು ಪುರುಸೊತ್ತಾಗಿಲ್ಲ.

ಕೊನೆಗೆ ಅದೇ ಪ್ಲಂಬರ್ ಬಂದ. ಟೈಲ್ಸ್ ಒಡೆದ, ಪೈಪಿಗೆ ಎಂ-ಸೀಲ್ ಮೆತ್ತಿದ. ನಾನು ಅಷ್ಟಕ್ಕೇ ದುಡ್ಡು ಕೊಟ್ಟಿದ್ದೆ. ಮಂಡಿಪೇಟೆಯೆಲ್ಲ ಅಲೆದರೂ ಹಳೇ ಟೈಲ್ಸಿನ ಜೋಡಿ ಸಿಗಲಿಲ್ಲ, “ಆ ಡಿಸೈನ್ ಈಗ ಬರಲ್ಲ ಸಾರ್.” ಬಚ್ಚಲ ಗೋಡೆಗೆ ಈಗ ಮೂರು ಬಣ್ಣ.

ಮೇಷ್ಟ್ರು ಖಾಲಿ ಮಾಡಿದರು. ಅಡ್ವಾನ್ಸಿನಲ್ಲಿ ಪೇಂಟಿಂಗಿಗೆಂದು ಒಂದು ತಿಂಗಳದ್ದು ಮುರಿದುಕೊಂಡೆ. ಸೂರಿನ ಕಲೆ ಅವರ ಕಾಲದಲ್ಲೇ ಆಗಿದ್ದಲ್ಲವೇ? ಸುಣ್ಣ ಬಳಿಸಿದೆ. ವಾರದಲ್ಲಿ ಕಲೆ ಮತ್ತೆ ಮೂಡಿತು. ಅದರಡಿಗೆ ಫಾಲ್ಸ್ ಸೀಲಿಂಗ್ ಹಾಕಿಸಿದ್ದೇನೆ.

ಗೇಟಿಗೆ ಬೋರ್ಡು ತೂಗಿದೆ: “ಮನೆ ಬಾಡಿಗೆಗಿದೆ. 24 ಗಂಟೆ ಹೇಮಾವತಿ ನೀರು.” ಸುಳ್ಳಲ್ಲ. ನಲ್ಲಿಯಲ್ಲಿ ಬರುತ್ತದೆ ಎಂದು ನಾನೆಲ್ಲಿ ಬರೆಸಿದ್ದೇನೆ?