ಹನುಮಪ್ಪನ ಹಗ್ಗ

ಮುಂಜಾನೆ ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕುತ್ತಿದ್ದೆ. ಹಿನ್ನೀರಿನ ಕಡೆಯಿಂದ ಸಣ್ಣದೊಂದು ವಿಮಾನದ ಸದ್ದು ಬಂತು. ಬೇಲಿಯ ಆಚೆ ಎಮ್ಮೆಗೆ ಮೇವು ಹಾಕುತ್ತಿದ್ದ ಮಾವ ಕೈಯನ್ನು ಹಣೆಗೆ ಅಡ್ಡ ಹಿಡಿದು ಆಕಾಶ ನೋಡುತ್ತ ನಿಂತುಬಿಟ್ಟರು.

"ಟೀಚರಮ್ಮ, ನಿಮ್ಮ ಅಣ್ಣನ ಮಗ ಹಾರಸೋದು ಇಂಥಾದ್ದೇನು?"

"ಇದಕ್ಕಿಂತ ಇನ್ನೂ ಸಣ್ಣದು ಮಾವ. ಇಬ್ಬರು ಕುಂತ್ರ ಮುಗೀತು."

ಮಾವ ನನಗೆ ಸಂಬಂಧದಲ್ಲಿ ಏನೂ ಆಗಬೇಕಿಲ್ಲ, ಓಣಿಯವರಿಗೆಲ್ಲ ಅವರು ಮಾವನೇ. ಮೂವತ್ತು ವರ್ಷ ನಾಟಕ ಕಂಪನಿಗಳ ಜೊತೆ ಊರೂರು ಸುತ್ತಿ ಪರದೆ ಎಳೆದವರು, ಸೀನು ಕಟ್ಟಿದವರು. ತುಂಗಭದ್ರಾ ಡ್ಯಾಮಿನ ನೀರಿಗೆ ನಾರಾಯಣದೇವರಕೆರೆ ಮುಳುಗಿದಾಗ ನಮ್ಮೂರಿಗೆ ಬಂದು ನೆಲೆಸಿದ ಮನೆತನ ಅವರದು. ವಿಮಾನದ ಸುದ್ದಿ ತೆಗೆದರೆ ಅವರು ಕೇಳುವ ಮೊದಲ ಪ್ರಶ್ನೆ ಒಂದೇ: "ಮ್ಯಾಲಿಂದ ನೋಡಿದ್ರ ನಮ್ಮ ಹಳೇ ಊರಿನ ಜಾಗ ಕಾಣಿಸ್ತದೇನು?" ಬೇಸಿಗೆಯಲ್ಲಿ ನೀರು ಇಳಿದಾಗ ಕಾಣಬಹುದು ಅನ್ನುತ್ತೇನೆ. ಹಂಪಿ ಉತ್ಸವದಲ್ಲಿ ಹೆಲಿಕಾಪ್ಟರ್ ಹತ್ತಿಸುತ್ತಾರಲ್ಲ, ಅದು ಅವರಿಗೆ ಬೇಡ. ಹತ್ತು ನಿಮಿಷಕ್ಕೆ ಇಳಿಸಿಬಿಟ್ಟರೆ ಏನು ನೋಡಿದಂಗಾಯ್ತು ಅನ್ನುತ್ತಾರೆ.

ಅಣ್ಣನ ಮಗ ಬೆಂಗಳೂರಿನಲ್ಲಿ ಭಾನುವಾರ ಬೆಳಗ್ಗೆ ಹಾರುತ್ತಾನೆ. ಅದಕ್ಕೆ ಮೈಕ್ರೋಲೈಟ್ ಅನ್ನುತ್ತಾರೆ. ನೆಲದಿಂದ ಏಳುವಂಥ ಎರಡು ಸೀಟಿನದಾದರೆ ಮನುಷ್ಯರು, ಪೆಟ್ರೋಲು ಎಲ್ಲ ಸೇರಿ 450 ಕಿಲೋ ಸುಮಾರಿಗೆ ಮಿತಿ. ಅಂದರೆ ಮಾವನ ಎಮ್ಮೆಯಷ್ಟು ತೂಕ. ಅಷ್ಟು ಹಗುರಾದ್ದರಿಂದಲೇ ಗಾಳಿ ಅದನ್ನು ಆಡಿಸುತ್ತದೆ. ಬಿಸಿಲೇರಿದ ಮೇಲೆ ನಮ್ಮ ಕಡೆಯ ಕಲ್ಲುಗುಡ್ಡಗಳ ಮೇಲೆ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರುವುದನ್ನು ನೋಡಿಲ್ಲವೇ? ಬಂಡೆ ಕಾದು, ಅದರ ಮೇಲಿನ ಗಾಳಿ ಕಾದು ಮೇಲೇಳುತ್ತದೆ. ಹದ್ದಿಗೆ ಅದು ಏಣಿ. ಸಣ್ಣ ವಿಮಾನಕ್ಕೆ ಅದೇ ಗಾಳಿ ಕಚ್ಚಾ ರಸ್ತೆಯ ಮೇಲಿನ ಟಂಟಂ ಸವಾರಿ. ಅದಕ್ಕೇ ಇವರ ಹಾರಾಟವೆಲ್ಲ ಬೆಳಗಿನ ತಂಪಿನಲ್ಲಿ, ಇಲ್ಲವೇ ಸಂಜೆ ಹೊತ್ತು ಇಳಿಯುವ ಮುಂಚೆ.

"ಇದೆಲ್ಲ ದೊಡ್ಡ ಊರಿನ ಮಂದಿ ಹವ್ಯಾಸ ಬಿಡ್ರಿ," ಅಂದರು ಮಾವ.

ನಾನು ಬಿಡಲಿಲ್ಲ. ರಂಗೋಲಿ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಬೇಲಿಯ ಹತ್ತಿರ ಹೋದೆ. ನಮ್ಮ ಬಳ್ಳಾರಿಗೆ ಸಣ್ಣ ವಿಮಾನ ಬಂದದ್ದು 1932ರಲ್ಲಿ. ಆ ವರ್ಷ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೇಲೆ ಹಾದು ಮುಂಬಯಿಗೆ ಟಪಾಲು ತಂದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅನ್ನುವ ಪೈಲಟ್ ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ವಿಮಾನ ಪುಸ್ ಮಾತ್, ಒಂದೇ ಎಂಜಿನ್ನಿನದು. ಅಹಮದಾಬಾದಿನಲ್ಲಿ ಅದಕ್ಕೆ ಪೆಟ್ರೋಲು ಬಂದದ್ದು ಎತ್ತಿನ ಗಾಡಿಯ ಮೇಲೆ, ಡಬ್ಬಿಗಳಲ್ಲಿ. ಐವತ್ತು ವರ್ಷ ತುಂಬಿದಾಗ, 1982ರಲ್ಲಿ, ಎಪ್ಪತ್ತೆಂಟರ ವಯಸ್ಸಿನ ಟಾಟಾ ಅಂಥದೇ ಹಳೆಯ ಸಣ್ಣ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಮತ್ತೆ ಹಾರಿ ಬಂದರು.

"ಎಪ್ಪತ್ತೆಂಟಕ್ಕ?" ಮಾವನ ಕಣ್ಣು ಅಗಲವಾದವು. ಅವರಿಗೆ ಈಗ ಎಪ್ಪತ್ತಾರು.

ಇನ್ನೊಂದು ಸಂಗತಿ ಹೇಳಿದೆ. ಬೆಂಗಳೂರಿನ ರಾಜ್ ಹಂಸ ಅನ್ನುವ ಕಂಪನಿ ಕಟ್ಟುವ ಸಣ್ಣ ವಿಮಾನಗಳು ಹೊರದೇಶಗಳಲ್ಲೂ ಹಾರುತ್ತವೆ. ಅದರಲ್ಲೊಂದರ ಹೆಸರು ಹನುಮಾನ್. ಇಲ್ಲಿಂದ ತುಂಗಭದ್ರೆ ದಾಟಿದರೆ ಅಂಜನಾದ್ರಿ. ಹನುಮಪ್ಪ ಹುಟ್ಟಿದ್ದೇ ಅಲ್ಲಿ ಅಂತ ನಂಬಿ ದಿನವೂ ಸಾವಿರಾರು ಮಂದಿ ಬೆಟ್ಟ ಹತ್ತುತ್ತಾರೆ. ನಮ್ಮ ರಾಜ್ಯದಲ್ಲಿ ಕಟ್ಟಿದ ಹನುಮಪ್ಪ ಸಮುದ್ರ ದಾಟಿ ಹೋಗಿದ್ದಾನೆ ಅಂದರೆ ಮಾವನಿಗೆ ಖುಷಿಯಾಗದೆ ಇರುತ್ತದೆಯೇ? ಎಮ್ಮೆಯ ಮೇವು ಅಲ್ಲೇ ಬಿಟ್ಟು ಈಚೆ ಬಂದು ಬೇಲಿಯ ಕಲ್ಲಿನ ಮೇಲೆ ಕುಳಿತರು.

"ಅಲ್ಲ, ಇವನ್ನ ಹಾರಸೋರಿಗೆ ಯಜಮಾನ ಯಾರು? ಕಂಪನಿಗೆ ಮಾಲಕ ಇದ್ದಂಗ ಯಾರಾರ ಇರಬೇಕಲ್ಲ."

ನನಗೆ ಬೇಕಾಗಿದ್ದ ಮಾತು ಅದೇ. ಅಣ್ಣನ ಮಗ ಹಾರಲು ಶುರು ಮಾಡಿದಾಗಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿರುವುದೂ ಅದೇ.

ಟಾಟಾ ಅವರಿಗೆ 1929ರ ಫೆಬ್ರವರಿ 10ರಂದು ಪೈಲಟ್ ಅಂತ ಕಾಗದ ಸಿಕ್ಕಿತು, ಅದರ ನಂಬರ್ 1. ಕೊಟ್ಟದ್ದು ಏರೋ ಕ್ಲಬ್ ಆಫ್ ಇಂಡಿಯಾ ಅಂಡ್ ಬರ್ಮಾ. ಹಾರುವವರು ಕೂಡಿ ಕಟ್ಟಿದ ಸಂಘವೇ ಹಾರಲು ಬಂತು ಅಂತ ಸಹಿ ಹಾಕಿತು. ಈಗ ನಮ್ಮಲ್ಲಿ ಲೈಸೆನ್ಸು ಕೊಡುವುದು, ವಿಮಾನಕ್ಕೆ ನಂಬರು ಕೊಡುವುದು ದೆಹಲಿಯ ಡಿಜಿಸಿಎ ಅನ್ನುವ ಸರ್ಕಾರಿ ಕಚೇರಿ. ಆಸ್ಟ್ರೇಲಿಯಾದಲ್ಲಿ ಹಾಗಲ್ಲ. ಅಲ್ಲಿ ಹವ್ಯಾಸಕ್ಕೆ ಹಾರುವವರ ಸಂಘವೇ ಪೈಲಟ್ಟಿಗೆ ಪ್ರಮಾಣಪತ್ರ ಕೊಡುತ್ತದೆ, ಸಣ್ಣ ವಿಮಾನಗಳನ್ನು ನೋಂದಣಿ ಮಾಡುತ್ತದೆ. ಸರ್ಕಾರ ಆ ಅಧಿಕಾರವನ್ನು ಸಂಘದ ಕೈಗೆ ಒಪ್ಪಿಸಿ ಮೇಲಿಂದ ನೋಡಿಕೊಳ್ಳುತ್ತದೆ. ನಿರ್ದೇಶಕರನ್ನು ಆರಿಸುವುದು ವರ್ಗಣಿ ಕಟ್ಟಿದ ಸದಸ್ಯರು. ಅಲ್ಲೂ ಜಗಳವಿಲ್ಲ ಅಂತಲ್ಲ. ಸಂಘ ಹೇಗಿರಬೇಕು, ಆಡಳಿತ ಮಂಡಳಿಯಲ್ಲಿ ಎಷ್ಟು ಮಂದಿ ಕೂರಬೇಕು ಅಂತ ವರ್ಷಗಟ್ಟಲೆ ವಾದ ಮಾಡಿ, ಮತ ಹಾಕಿ, 2016ರಲ್ಲಿ ಅದನ್ನು ಕಂಪನಿಯ ರೂಪಕ್ಕೆ ತಂದರು. ಆದರೆ ಜಗಳ ಆದದ್ದು ಸಭೆಯೊಳಗೆ, ಎಲ್ಲರ ಎದುರಿಗೆ. ನನಗೆ ಅದು ಹಿಡಿಸಿತು.

ನಮ್ಮಲ್ಲೂ 2022ರ ಜೂನ್ 7ರಂದು ರಾಷ್ಟ್ರೀಯ ವಾಯು ಕ್ರೀಡಾ ನೀತಿ ಬಂತು. ಹನ್ನೊಂದು ಬಗೆಯ ಹಾರಾಟ ಅದರಲ್ಲಿವೆ: ಬಲೂನು, ಗ್ಲೈಡರು, ಪ್ಯಾರಾಗ್ಲೈಡಿಂಗು, ಮನೆಯಲ್ಲೇ ಕಟ್ಟಿದ ವಿಮಾನ, ಮೈಕ್ರೋಲೈಟು ಎಲ್ಲ. ನಾಲ್ಕು ಮಜಲಿನ ವ್ಯವಸ್ಥೆ. ತುದಿಯಲ್ಲಿ ಒಂದು ಮಹಾಮಂಡಳ, ಅದರ ಕೆಳಗೆ ಒಂದೊಂದು ಕ್ರೀಡೆಗೆ ಒಂದೊಂದು ರಾಷ್ಟ್ರೀಯ ಸಂಘ, ಆಮೇಲೆ ವಲಯದ ಇಲ್ಲವೇ ರಾಜ್ಯದ ಘಟಕ, ಕಟ್ಟಕಡೆಗೆ ಜಿಲ್ಲೆಯ ಸಂಘ. ಮಹಾಮಂಡಳದ ಅಧ್ಯಕ್ಷರ ಕುರ್ಚಿ ವಿಮಾನಯಾನ ಸಚಿವಾಲಯದ ಕಾರ್ಯದರ್ಶಿಗೆ. ಸರ್ಕಾರ ಇದನ್ನೊಂದು ಕ್ರೀಡೆ ಅಂತ ಗುರುತಿಸಿದ್ದು ದೊಡ್ಡ ಮಾತು, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಕಟ್ಟಡ ಮೇಲಿನಿಂದ ಕೆಳಕ್ಕೆ ಇಳಿದು ಬಂದರೆ ಕೆಳಗಿನ ಮಜಲು ಗಟ್ಟಿಯಾಗುವುದು ಯಾವಾಗ? ಜಿಲ್ಲೆಯ ಸಂಘದಲ್ಲಿ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಸೇರಿ, ಲೆಕ್ಕ ಓದಿ, ಹೊಸಬನೂ ಎದ್ದು ನಿಂತು ಕೇಳುವಂತಾದರೆ ಮೇಲಿನ ಕುರ್ಚಿಯಲ್ಲಿ ಯಾರಿದ್ದರೂ ನಡೆದೀತು.

"ಲೆಕ್ಕ ಓದೋದು ಚೊಲೋನೇ. ಆದ್ರ ಲೆಕ್ಕ ಓದಿದ್ರ ವಿಮಾನ ಬೀಳೋದು ನಿಲ್ತೈತೇನು?"

ಮಾವನಿಗೆ ಆಗ ಅಣ್ಣನ ಮಗನ ಕತೆ ಹೇಳಿದೆ, ಬೇರೆ ಯಾರಿಗೂ ಹೇಳಿರಲಿಲ್ಲ. ಒಂದು ಭಾನುವಾರ ಇಳಿಯುವಾಗ ಅಡ್ಡಗಾಳಿ ಹೊಡೆದು ವಿಮಾನ ನೆಲಕ್ಕೆ ಜೋರಾಗಿ ಕುಕ್ಕಿತು. ಹೊರಗೆ ಏನೂ ಕಾಣಲಿಲ್ಲ. ಮುಂದಿನ ಗಾಲಿಯ ಕಾಲು ಕೂದಲೆಳೆಯಷ್ಟು ಬಾಗಿದೆ ಅಂತ ಅವನಿಗೊಬ್ಬನಿಗೆ ಅನುಮಾನ. ಹೇಳಿದರೆ ರಿಪೇರಿ ಖರ್ಚು ತಲೆಗೆ ಬರುತ್ತದೆ, ನಾಲ್ಕು ಮಂದಿಯ ಎದುರು ಮಾನ ಹೋಗುತ್ತದೆ, ಹಾರುವುದನ್ನೇ ನಿಲ್ಲಿಸಿದರೆ ಗತಿ ಏನು? ಬಾಯಿ ಮುಚ್ಚಿಕೊಂಡು ಮನೆಗೆ ಬಂದ. ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ಬೆಳಗ್ಗೆ ಅದೇ ವಿಮಾನವನ್ನು ಇನ್ನೊಬ್ಬ ಹುಡುಗಿ ಹಾರಿಸಬೇಕಿತ್ತು. ಐದು ಗಂಟೆಗೆ ಎದ್ದು ಫೋನು ಮಾಡಿ ಹೇಳಿಬಿಟ್ಟ. ಬಿಚ್ಚಿ ನೋಡಿದರೆ ಸಣ್ಣಗೆ ಬಿರುಕು ಬಿಟ್ಟಿತ್ತು.

ಆಸ್ಟ್ರೇಲಿಯಾದ ಸಂಘ ಇಂಥ ಘಟನೆಗಳನ್ನು ಹೆಸರಿಲ್ಲದೆ ಬರೆದು ಎಲ್ಲ ಸದಸ್ಯರಿಗೂ ಓದಲು ಕೊಡುತ್ತದೆ. ಬ್ರಿಟನ್ನಿನಲ್ಲಿ ಪೈಲಟ್ಟುಗಳು ತಮ್ಮ ತಪ್ಪನ್ನು ಗುಟ್ಟಾಗಿ ಬರೆದು ಕಳಿಸಲಿಕ್ಕೇ ಒಂದು ಸಂಸ್ಥೆ ಇದೆ. ಒಬ್ಬನ ತಪ್ಪು ಓದಿ ನೂರು ಮಂದಿ ಎಚ್ಚರಾಗುತ್ತಾರೆ. ಸಂಘವೊಂದು ಯೋಗ್ಯವೋ ಅಲ್ಲವೋ ಅಂತ ನಾನು ಅಳೆಯುವುದು ಇದರಿಂದಲೇ ಮಾವ, ಅಂದೆ. ತಪ್ಪು ಮಾಡಿದವನು ತಾನಾಗಿ ಬಂದು ಹೇಳಲು ಅಲ್ಲಿ ಧೈರ್ಯ ಇದೆಯೇ? ಧೈರ್ಯ ಬರಬೇಕಾದರೆ ಆ ಸಂಘ ತನ್ನದು ಅಂತ ಅವನಿಗೆ ಅನ್ನಿಸಬೇಕು.

ಮಾವ ಮಾತಾಡಲಿಲ್ಲ. ಎಮ್ಮೆ ಎರಡು ಸಲ ಕೂಗಿತು, ಅವರು ಏಳಲಿಲ್ಲ.

"ಲಂಕಾದಹನ ಆಡ್ತಿದ್ವಿ," ಅಂದರು ಕೊನೆಗೆ. "ಹನುಮಪ್ಪ ಸಮುದ್ರ ಜಿಗಿಯೋ ಸೀನು. ಸೊಂಟಕ್ಕ ಹಗ್ಗ ಕಟ್ಟಿ ಮ್ಯಾಲೆ ರಾಟಿಗೆ ಹಾಕಿ ಎಳೀಬೇಕು. ಎಳೆಯೋನು ನಾನು. ಆ ಹೊತ್ತು ಸಂಜಿಮುಂದ ಹಗ್ಗ ಮುಟ್ಟಿ ನೋಡಿದೆ. ಒಂದು ಎಳಿ ಹರದಿತ್ತು."

"ಹೇಳಿದ್ರಿ?"

"ಯಾರಿಗೆ ಹೇಳ್ಲಿ? ಹೊಸ ಹಗ್ಗ ಅಂದ್ರ ಪಗಾರದಾಗ ಹಿಡೀತಿದ್ರು. ಹಿಂದಿನ ಕ್ಯಾಂಪಿನಾಗ ಒಬ್ಬ ಹೇಳಿ ಕೆಲಸ ಕಳಕೊಂಡಿದ್ದ. ಇವತ್ತೊಂದು ರಾತ್ರಿ ತಡೀತದ ಅಂದ್ಕೊಂಡೆ." ಮಾವ ಅಂಗೈ ಬಿಚ್ಚಿ ನೋಡಿಕೊಂಡರು. "ಮಂದಿ ಚಪ್ಪಾಳೆ ಹೊಡೀತಿದ್ರು. ಆಳೆತ್ತರ ಹೋಗಿದ್ದ. ಕೈಯಾಗಿನ ಭಾರ ಒಮ್ಮೆಲೆ ಹೋತು. ಬದುಕಿದ, ಆದ್ರ ಕಾಲು ನೆಟ್ಟಗಾಗ್ಲಿಲ್ಲ. ಮತ್ತ ಬಣ್ಣ ಹಚ್ಚಲಿಲ್ಲ ಅವ. ಹಗ್ಗ ಹರದಿದ್ದು ನನಗ ಗೊತ್ತಿತ್ತು ಅಂತ ಅವಗ ನಾನು ಇವತ್ತಿಗೂ ಹೇಳಿಲ್ಲ ಟೀಚರಮ್ಮ."

ಬಿಸಿಲು ಬೇಲಿಯ ಮೇಲೆ ಬಂದಿತ್ತು. ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ಒಳಗೆ ಹೋಗಿ ಚಹಾ ತಂದು ಬೇಲಿಯ ಮೇಲಿಂದ ಕೊಟ್ಟೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಾವ ಕೇಳಿದರು:

"ಆ ಹುಡುಗ ಈಗ ಎದ್ದಿರ್ತಾನೇನು? ಒಂದು ಫೋನು ಹಚ್ಚಿ ಕೊಡ್ರಿ ನನಗ."