ಬೆಂಚಿನ ಮೇಲೆ ದುರ್ಯೋಧನ

ಇನ್ನು ಹೈಸ್ಕೂಲು ಮಕ್ಕಳಿಗೆ ಹಳಗನ್ನಡ ನೀರು ಕುಡಿದಷ್ಟು ಸುಲಭವಂತೆ. ಪುಸ್ತಕದ ಚಿತ್ರಕ್ಕೆ ಮೊಬೈಲ್ ಹಿಡಿದರೆ ಸಾಕು, ದುರ್ಯೋಧನ ಗದೆ ಸಮೇತ ಬೆಂಚಿನ ಮೇಲೆ ಎದ್ದು ನಿಲ್ಲುತ್ತಾನೆ. ಹೆಸರು ಆಗ್ಮೆಂಟೆಡ್ ರಿಯಾಲಿಟಿ. 2016ರಲ್ಲಿ ಪೊಕೆಮಾನ್ ಹಿಡಿಯಲು ಜನ ಬೀದಿ ಬೀದಿ ಅಲೆದರಲ್ಲ, ಅದೇ ತಂತ್ರ. ಆಗ ಅದು ಹುಚ್ಚು. ಈಗ ಶಿಕ್ಷಣ ಕ್ರಾಂತಿ.

ಇದೇ ಮೊಬೈಲ್ ಹುಡುಗನ ಚೀಲದಲ್ಲಿ ಸಿಕ್ಕರೆ ಹೆಡ್‌ಮಾಸ್ಟರು ಕಿತ್ತಿಟ್ಟುಕೊಂಡು ಅಪ್ಪನನ್ನು ಕರೆಸುತ್ತಾರೆ. ಮೊಬೈಲಿನಿಂದ ಮಕ್ಕಳು ಕೆಟ್ಟರು ಎಂದು ಪ್ರಾರ್ಥನೆಯ ಹೊತ್ತಲ್ಲಿ ಭಾಷಣ. ಮಧ್ಯಾಹ್ನದ ಕಾರ್ಯಾಗಾರದಲ್ಲಿ ಡಿಜಿಟಲ್ ಕಲಿಕೆಯ ಜಪ. ಬಾಯಿ ಒಂದೇ.

2017ರಲ್ಲಿ ದೀಕ್ಷಾ ಎಂಬ ಡಿಜಿಟಲ್ ಕಲಿಕಾ ವೇದಿಕೆ ಬಂತು. ಪಠ್ಯಪುಸ್ತಕಗಳಿಗೆ ಕ್ಯೂಆರ್ ಕೋಡ್ ಹತ್ತಿತು. ಅದನ್ನು ಸ್ಕ್ಯಾನ್ ಮಾಡಿದ ಮಕ್ಕಳೆಷ್ಟೋ, ಪೆನ್ನಿನಲ್ಲಿ ಮೀಸೆ ಬರೆದವರೆಷ್ಟೋ! ಲೆಕ್ಕ ಕೇಳುವ ಮೊದಲೇ ಹೊಸ ಆಟಿಕೆ ಬಂದಾಯಿತು.

ವಿಜ್ಞಾನಕ್ಕೆ ಬೇಕಾದರೆ ತನ್ನಿ. ಹೃದಯದ ನಾಲ್ಕು ಕೋಣೆಗಳನ್ನು ತಿರುಗಿಸಿ ತೋರಿಸಿ, ಯಾರು ಬೇಡ ಅಂದರು? ಆದರೆ ಮುಧೋಳದ ರನ್ನನ ತಂಟೆಗೆ ಬರುವ ಮುನ್ನ ಅವನನ್ನು ಒಮ್ಮೆ ಓದಿ. 'ಗದಾಯುದ್ಧ'ದಲ್ಲಿ ದುರ್ಯೋಧನ ಸರೋವರದೊಳಗೆ ಅಡಗಿದ್ದಾನೆ. ದಡದಲ್ಲಿ ಭೀಮನ ಆರ್ಭಟ. ಅದನ್ನು ಕೇಳಿ ನೀರಿನ ತಳದಲ್ಲೂ ಅವನಿಗೆ ಬೆವರು ಕಿತ್ತುಕೊಂಡು ಬರುತ್ತದೆ. ನೀರೊಳಗಿನ ಬೆವರನ್ನು ಯಾವ ಕ್ಯಾಮೆರಾದಲ್ಲಿ ತೋರಿಸುತ್ತೀರಿ ಸ್ವಾಮಿ? ನಿಮ್ಮ ಗೊಂಬೆ ನಾಲ್ಕು ಗುಳ್ಳೆ ಬಿಡುತ್ತದೆ, ಅಷ್ಟೇ. ಕುಮಾರವ್ಯಾಸನನ್ನು ರೂಪಕ ಸಾಮ್ರಾಜ್ಯ ಚಕ್ರವರ್ತಿ ಎಂದು ಮೆರೆಸುತ್ತೇವೆ. ಮಕ್ಕಳ ಮನಸ್ಸಿನಲ್ಲಿ ಒಂದು ರೂಪಕವೂ ಮೂಡದಂತೆ ಮೊದಲೇ ಬಣ್ಣ ಬಳಿದಿಡುತ್ತೇವೆ.

ಹಳೆಯ ಕಾವ್ಯ ಕಣ್ಣಿಗಿಂತ ಮೊದಲು ಕಿವಿಗೆ ಬೀಳಬೇಕು. ಕುಮಾರವ್ಯಾಸನನ್ನು ಊರೂರಿನಲ್ಲಿ ವಾಚಿಸಿದ ಶಿವಮೊಗ್ಗದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಶಾಲೆಗೊಬ್ಬ ಗಮಕಿಯನ್ನು ಕರೆಸೋಣ ಅನ್ನಿ, ಅನುದಾನವಿಲ್ಲ. ಟ್ಯಾಬ್ಲೆಟ್ ಅನ್ನಿ, ಟೆಂಡರ್ ರೆಡಿ. ಗಮಕಿಯಲ್ಲಿ ಯಾರಿಗೆ ಕಮಿಷನ್ ಹುಟ್ಟುತ್ತದೆ?

ಇತ್ತ ಕನ್ನಡ ಮೇಷ್ಟ್ರ ಹುದ್ದೆ ಖಾಲಿ. ಶಾಲೆ ಶುರುವಾದ ಎಷ್ಟೋ ದಿನಕ್ಕೆ ಒಬ್ಬ ಅತಿಥಿ ಶಿಕ್ಷಕ ಬರುತ್ತಾನೆ. ಅವನ ಗೌರವಧನ ಅವನಿಗಿಂತ ನಿಧಾನ. ಪದ್ಯ ಬಿಡಿಸಿ ಓದಲು ಅವನಿಗೆ ಪುರುಸೊತ್ತಿಲ್ಲ, ಪಾಠ ಮುಗಿಸಬೇಕು. ಇನ್ನು ಮೇಲೆ ಆ್ಯಪ್ ಅಪ್‌ಡೇಟ್ ಮಾಡುವ ಕೆಲಸವೂ ಅವನದೇ.

ಇಷ್ಟೆಲ್ಲ ಮಾಡಿ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಕೇಳುವುದೇನು? ಕವಿಯ ಸ್ಥಳ, ಕಾಲ, ಕೃತಿ, ಬಿರುದು ಬರೆಯಿರಿ. ಮೂರು ಅಂಕ. ಅದಕ್ಕೆ ಮೂರು ಆಯಾಮವೇನೂ ಬೇಕಿಲ್ಲ. ಗೈಡ್ ಸಾಕು.