ಎಂಟುನೂರಕ್ಕೆ ರೆಕ್ಕಿ

(ಹೈದರಾಬಾದಿನ ಅಮೀರ್‌ಪೇಟ್, ಮೈತ್ರಿವನಂ ಹಿಂದಿನ ಓಣಿ. ಕಲಬುರಗಿ ಕಡೆಯ ಇಬ್ಬರು.)

"ಕಾಕಾ, ಮಾರುತಿ 800 ತೊಗೊಂಡೀನಿ. 2009ರ ಗಾಡಿ. ಬರೇ ನಲವತ್ತು ಸಾವಿರ!"

"ಈ ಗಾಲಿ?"

"ಅಲಾಯ್. ಮೂವತ್ತು ಸಾವಿರ. ಸ್ಪೀಕರ್ ಇಪ್ಪತ್ತು. ಹಿಂದ ಸ್ಪಾಯ್ಲರ್ ಹಾಕ್ಸೀನಿ."

"796 ಸಿಸಿ ಎಂಜಿನ್ನಿಗೆ ರೆಕ್ಕಿ! ಹಾರತದೇನು?"

"ಮೆಟ್ರೋ ಕೆಳಗ ಟ್ರಾಫಿಕ್ಕಿನಾಗ ನಿಂತಾಗ ಚಂದ ಕಾಣತದ."

"ಬ್ರೇಕ್?"

"ಅದು ಮುಂದಿನ ತಿಂಗಳ."

"ಆಫೀಸಿಗೆ ಇದರಾಗೇ ಹೋಗತೀಯೇನು?"

"ಪಾರ್ಕಿಂಗ್ ಎಲ್ಲದ ಕಾಕಾ? ಮೆಟ್ರೋದಾಗ ಹೋಗತೀನಿ."

"ಕಂಪನಿಯವರು 2014ರಾಗೇ ಈ ಗಾಡಿ ಮಾಡೂದು ನಿಲ್ಲಿಸ್ಯಾರ."

"ನಾ ಇನ್ನೂ ಮಾಡಾಕತ್ತೀನಿ!"

(ಹದಿನೈದು ವರ್ಷ ದಾಟಿದ ಸ್ವಂತ ಕಾರು ಫಿಟ್‌ನೆಸ್ ಪಾಸಾದರಷ್ಟೇ ಮತ್ತೆ ಐದು ವರ್ಷ ನೋಂದಣಿ. ಅಲ್ಲಿ ಬ್ರೇಕ್ ಒತ್ತಿ ನೋಡುತ್ತಾರೆ, ಸ್ಪೀಕರಿಗೆ ಅಂಕವಿಲ್ಲ.)